ಟೈರ್ ತಿಂದ ರಾಡಿಗೆ ವಾರಂಟಿ ಉಂಟಂತೆ, ತಿನ್ನಿಸಿಕೊಂಡ ಟೈರಿಗೆ ಇಲ್ಲವಂತೆ

ಪಿಕಪ್ ಗಾಡಿಯ ಮುಂದಿನ ಎರಡೂ ಟೈರ್ ಬಿಚ್ಚಿ ಅಂಗಳದ ಮೂಲೆಯಲ್ಲಿ ಇಟ್ಟು ಇವತ್ತಿಗೆ 17 ದಿನ. ಬೆಳಿಗ್ಗೆ ಜಗಲಿಯಲ್ಲಿ ಕೂತು ಚಾ ಕುಡಿಯುವಾಗ ಕಣ್ಣು ಅತ್ತಲೇ ಹೋಗುತ್ತದೆ. ಚಾ ಗಂಟಲಲ್ಲಿ ಇಳಿಯುವುದಿಲ್ಲ. ಹೊಸ ಜೋಡಿಗೆ 13,600 ರೂಪಾಯಿ ಕೊಟ್ಟಿದ್ದೇನೆ, ಅದೂ ಕಂತು ಕಟ್ಟುವ ವಾರದಲ್ಲೇ.

ಪಿಕಪ್ ತೆಗೆದುಕೊಂಡು 14 ತಿಂಗಳಾಯಿತು. ಓಡಿದ್ದು 22,000 ಕಿಲೋಮೀಟರ್. ಶಿರಸಿ ಸುತ್ತಲಿನ ತೋಟದವರ ಅಡಿಕೆ ಚೀಲ ವಖಾರಿಗೆ ಹಾಕುತ್ತೇನೆ, ಕುಮಟೆಗೆ ಬಾಳೆಗೊನೆ ಒಯ್ಯುತ್ತೇನೆ, ಬರುವಾಗ ತೆಂಗಿನಕಾಯಿಯೋ ಸಿಮೆಂಟೋ ಸಿಕ್ಕಿದ್ದು ತುಂಬಿಕೊಂಡು ಬರುತ್ತೇನೆ. ಡ್ರೈವರ್ ಇಲ್ಲ. ನಾನೇ ಡ್ರೈವರ್, ನಾನೇ ಹಮಾಲಿ.

ಕಳೆದ ತಿಂಗಳು ಕುಮಟೆಯಲ್ಲಿ ಮುಂದಿನ ಎಡಗಡೆ ಟೈರಿಗೆ ಮೊಳೆ ಹೊಕ್ಕಿತು. ಪಂಕ್ಚರ್ ಅಂಗಡಿಯ ಹುಡುಗ ಟೈರ್ ಬಿಚ್ಚಿ ಮಗುಚಿದ. ಆಮೇಲೆ ಸುಮ್ಮನೆ ನಿಂತುಬಿಟ್ಟ.

“ಅಣ್ಣಾ, ಇಲ್ಲಿ ಬನ್ನಿ. ಇದರ ಒಳಬದಿ ಯಾವತ್ತಾದ್ರೂ ನೋಡಿದ್ರಾ?”

ನೋಡಿರಲಿಲ್ಲ. ಯಾರು ನೋಡುತ್ತಾರೆ ಹೇಳಿ? ಹೊರಗಿಂದ ಕಣ್ಣಿಗೆ ಬೀಳುವ ಪಟ್ಟೆಗಳೆಲ್ಲ ಆಳವಾಗಿ ಚೆನ್ನಾಗಿಯೇ ಇದ್ದವು. ಒಳಬದಿ ಮಾತ್ರ ಮೂರು ಬೆರಳಿನಷ್ಟು ಅಗಲಕ್ಕೆ ಪೂರ್ತಿ ಬೋಳು. ಒಂದು ಕಡೆ ರಬ್ಬರಿನ ಒಳಗಿಂದ ನೂಲು ಇಣುಕುತ್ತಿತ್ತು. ಹುಡುಗ ನನ್ನ ಕೈ ಹಿಡಿದು ಟೈರಿನ ಮೇಲೆ ಅಡ್ಡಡ್ಡ ಎಳೆಸಿದ. ಒಂದು ಕಡೆಗೆ ಎಳೆದರೆ ನುಣ್ಣಗೆ ಜಾರುತ್ತದೆ. ತಿರುಗಿಸಿ ಎಳೆದರೆ ಗರಗಸದ ಹಲ್ಲಿನ ಹಾಗೆ ಅಂಗೈಗೆ ಕೊರೆಯುತ್ತದೆ. “ಟೋ ಔಟ್ ಆಗಿದೆ ಅಣ್ಣಾ, ಅಂದ್ರೆ ಮುಂದಿನ ಚಕ್ರ ಹೊರಗೆ ಮುಖ ಮಾಡಿವೆ, ಬಲಗಡೆದೂ ಹೀಗೇ ಇರ್ತದೆ ನೋಡಿ” ಅಂದ. ಬಿಚ್ಚಿ ನೋಡಿದರೆ ಅದೂ ಹಾಗೇ.

ಈ ಟೈರಿನಲ್ಲಿ ಮಳೆಗಾಲ ಪೂರ್ತಿ ದೇವಿಮನೆ ಘಟ್ಟ ಇಳಿದಿದ್ದೇನೆ. ಲೋಡ್ ಹಾಕಿಕೊಂಡು. ಎರಡು ಸಲ ಮಗನೂ ಪಕ್ಕದಲ್ಲಿ ಕೂತಿದ್ದ. ಅಂಗಡಿಯ ಎದುರು ನಿಂತು ಇದನ್ನೆಲ್ಲ ಲೆಕ್ಕ ಹಾಕುವಾಗ ಕಾಲು ತಣ್ಣಗಾಯಿತು ಮಾರಾಯ್ರೆ.

ಶೋರೂಮಿಗೆ ಹೋದೆ. ಏಸಿ ರೂಮು, ನೀರಿನ ಬಾಟಲಿ, ಮಾತಿಗೊಂದು ಸರ್. “ಟೈರ್ ನಮ್ಮ ವಾರಂಟಿಯಲ್ಲಿ ಬರಲ್ಲ ಸರ್, ಟೈರ್ ಕಂಪನಿಯವರನ್ನು ಕೇಳಬೇಕು.” ಗಾಡಿ ಮಾರುವಾಗ 3 ವರ್ಷ, 1 ಲಕ್ಷ ಕಿಲೋಮೀಟರ್ ಅಂತ ಬೆರಳು ಮಡಚಿ ಮಡಚಿ ಹೇಳಿದ್ದರಲ್ಲ, ಅದರಲ್ಲಿ ಟೈರೂ ಇಲ್ಲ, ಬ್ಯಾಟರಿಯೂ ಇಲ್ಲ. ಪುಸ್ತಕದ ಹಿಂದಿನ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದಾರೆ. ಸರಿ, ಓದದ್ದು ನನ್ನದೇ ತಪ್ಪು.

ಟೈರ್ ಕಂಪನಿಯ ಮನುಷ್ಯ ಹುಬ್ಬಳ್ಳಿಯಿಂದ ಬರಬೇಕಂತೆ. ಬರಲು ಒಂಬತ್ತು ದಿನ ತೆಗೆದುಕೊಂಡ. ಗೇಜ್ ಹಾಕಿ ಅಳೆದ. ಹೊರಗಡೆ 6 ಮಿಲಿಮೀಟರ್, ನಡುವೆ 5, ಒಳಗಡೆ ಸೊನ್ನೆ. ಪಟ್ಟೆಯ ನಡುವೆ ಸಣ್ಣ ಗುಬ್ಬಿಗಳಿರುತ್ತವಲ್ಲ, 1.6 ಮಿಲಿಮೀಟರ್ ಎತ್ತರದ್ದು, ಟೈರ್ ಸವೆದು ಅದರ ಮಟ್ಟಕ್ಕೆ ಬಂದರೆ ಬದಲಾಯಿಸಬೇಕು ಅಂತ ಗುರುತು. ಒಳಬದಿಯಲ್ಲಿ ಆ ಗುಬ್ಬಿಯೂ ಉಳಿದಿರಲಿಲ್ಲ. ಟೈರ್ ಉಬ್ಬಿದರೆ, ಪದರ ಬಿಟ್ಟರೆ ಅದು ತಯಾರಿಕೆಯ ದೋಷ, ಆಗ ಉಳಿದ ರಬ್ಬರಿನ ಲೆಕ್ಕ ಹಾಕಿ ಹೊಸದರ ಬೆಲೆಯಲ್ಲಿ ಅಷ್ಟು ಮುರಿದುಕೊಳ್ಳುತ್ತಾರಂತೆ. ಒಂದೇ ಬದಿ ಸವೆದರೆ ಗಾಡಿಯ ತಪ್ಪು, ಟೈರಿನದಲ್ಲ. ಹಾಗಂತ ಚೀಟಿ ಬರೆದು ಕೊಟ್ಟು ಹೋದ. ನಿಜ ಹೇಳಬೇಕೆಂದರೆ ಅವನ ಮೇಲೆ ನನಗೆ ಸಿಟ್ಟಿಲ್ಲ. ಇದ್ದದ್ದನ್ನೇ ಹೇಳಿದ.

ಸಿಟ್ಟು ಬಂದದ್ದು ಆ ಚೀಟಿ ಹಿಡಿದು ಮತ್ತೆ ಶೋರೂಮಿಗೆ ಹೋದಾಗ. ಈ ಸಲ ನೀರಿನ ಬಾಟಲಿ ಇಲ್ಲ.

“ಓವರ್‌ಲೋಡ್ ಹಾಕಿರ್ತೀರಿ ಸರ್.” ತೂಕದ ಚೀಟಿ ಇಟ್ಟುಕೊಳ್ಳುವ ಅಭ್ಯಾಸ ನನಗೆ. ಮುಂದಿಟ್ಟೆ, 1,180 ಕಿಲೋ, 1,210 ಕಿಲೋ, ಎಲ್ಲ ಮಿತಿಯ ಒಳಗೇ. ಅಲ್ಲಯ್ಯಾ, ಲೋಡ್ ಬಹುಪಾಲು ಬೀಳುವುದು ಹಿಂದಿನ ಟೈರಿನ ಮೇಲೆ. ಹಿಂದಿನವು ಎರಡೂ ಸಮನಾಗಿ ಸವೆದಿವೆ, ಎದ್ದು ಹೋಗಿ ನೋಡು ಅಂದರೆ ಕುರ್ಚಿ ಬಿಟ್ಟು ಏಳಲಿಲ್ಲ.

“ಗಾಳಿ ಸರಿ ಇಟ್ಟಿರಲ್ಲ.” ಗಾಳಿ ಕಡಿಮೆಯಾದರೆ ಟೈರಿನ ಎರಡೂ ಅಂಚು ಸವೆಯುತ್ತವೆ, ಜಾಸ್ತಿಯಾದರೆ ನಡು. ಒಳಗಿನ ಅಂಚು ಒಂದನ್ನೇ ಆರಿಸಿಕೊಂಡು ತಿನ್ನುವ ಗಾಳಿಯನ್ನು ನಾನಂತೂ ಕಂಡಿಲ್ಲ.

“ನಿಮ್ಮ ಕಡೆ ಘಟ್ಟ ಅಲ್ವಾ, ತಿರುವು ಜಾಸ್ತಿ.” ತಿರುವಿನಲ್ಲಿ ಗಾಡಿ ಹೊರಗೆ ವಾಲುತ್ತದೆ, ಹಾಗಾಗಿ ಮುಂದಿನ ಟೈರಿನ ಹೊರ ಅಂಚು ಉಜ್ಜಿಕೊಳ್ಳುತ್ತದೆ. ನನ್ನದು ಒಳ ಅಂಚು. ಅಷ್ಟಕ್ಕೂ ಗಾಡಿ ಮಾರುವಾಗ ನೀವೇ ತಾನೆ ಹೇಳಿದ್ದು, ಘಟ್ಟಕ್ಕೇ ಅಂತ ಮಾಡಿದ ಗಾಡಿ ಸರ್ ಇದು ಅಂತ? ಈಗ ಘಟ್ಟ ಹತ್ತಿದ್ದೇ ಅಪರಾಧವಾಯಿತೇ?

ಕೊನೆಯ ಬಾಣ, “ಸ್ಟೇರಿಂಗ್ ಎಳೀತಾ ಇಲ್ಲವಲ್ಲ, ಅಂದ್ರೆ ಅಲೈನ್‌ಮೆಂಟ್ ಸರಿ ಇದೆ.” ಎರಡೂ ಚಕ್ರ ಸಮನಾಗಿ ಹೊರಗೆ ಮುಖ ಮಾಡಿದ್ದರೆ ಗಾಡಿ ನೆಟ್ಟಗೇ ಹೋಗುತ್ತದೆ, ಒಂದು ಎಡಕ್ಕೆ ಎಳೆದರೆ ಇನ್ನೊಂದು ಬಲಕ್ಕೆ ಎಳೆಯುತ್ತದೆ. ಡ್ರೈವರಿಗೆ ಏನೂ ಗೊತ್ತಾಗುವುದಿಲ್ಲ. ಅಲ್ಲೇ ಇರುವುದು ಮೋಸ. ಎರಡೂ ಚಕ್ರ ಸೇರಿ 3 ಮಿಲಿಮೀಟರ್ ಆಚೀಚೆ ಆದರೆ ಸಾಕು, ಕಿಲೋಮೀಟರಿಗೆ ಎರಡೂ ಟೈರ್ ಸೇರಿ ನಾಲ್ಕು ಮೀಟರಿನಷ್ಟು ಅಡ್ಡಕ್ಕೆ ಎಳೆದ ಹಾಗೆ. ಇದನ್ನು ನಾನೇ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಶಿರಸಿಯಿಂದ ಕುಮಟೆಗೆ ಹೋಗಿ ಬಂದರೆ ಅರ್ಧ ಕಿಲೋಮೀಟರ್ ಟೈರ್ ಬರೀ ಉಜ್ಜಿಕೊಂಡೇ ಹೋಗಿದೆ.

ಮನೆಗೆ ಬಂದು ಹಳೆ ಸರ್ವಿಸಿನ ಕಾಗದ ಎಲ್ಲ ಕೆದಕಿದೆ. 10,000 ಕಿಲೋಮೀಟರ್ ಸರ್ವಿಸಿನಲ್ಲಿ ಅಲೈನ್‌ಮೆಂಟಿಗೆ ಅಂತ 600 ರೂಪಾಯಿ ಬಿಲ್ ಹಾಕಿದ್ದಾರೆ. ಹಿಂದೆ ಪಿನ್ ಹೊಡೆದ ಕಂಪ್ಯೂಟರ್ ಚೀಟಿ ಇದೆ. ಮಾಡುವ ಮೊದಲು ಒಂದು ಸಾಲು, ಮಾಡಿದ ಮೇಲೆ ಒಂದು ಸಾಲು. ಎರಡರಲ್ಲೂ ಟೋ ಅಂಕಿ ಒಂದೇ. ಎರಡೂ ಕೆಂಪು, ಅಂದರೆ ಮಿತಿ ಮೀರಿದ್ದು! ಅಂದರೆ ಗಾಡಿಯನ್ನು ಮೆಷಿನ್ ಮೇಲೆ ಹತ್ತಿಸಿದ್ದಾರೆ, ಕೆಂಪು ನೋಡಿದ್ದಾರೆ, ಪ್ರಿಂಟ್ ತೆಗೆದಿದ್ದಾರೆ, ಇಳಿಸಿದ್ದಾರೆ, ದುಡ್ಡು ತೆಗೆದುಕೊಂಡಿದ್ದಾರೆ. ಪಾನಾ ಮುಟ್ಟಿಲ್ಲ. ಕೆಳಗೆ ‘ಕೆಲಸ ತೃಪ್ತಿಕರ’ ಅಂತ ಅಚ್ಚಾದ ಸಾಲು, ಅದರ ಕೆಳಗೆ ನನ್ನ ಸಹಿ. ಬಾಳೆಗೊನೆ ಬಿಸಿಲಿಗೆ ಬಾಡುತ್ತದೆ ಅಂತ ಆ ದಿನ ಅರ್ಜೆಂಟಿನಲ್ಲಿದ್ದೆ.

ಪರಿಚಯದ ಗ್ಯಾರೇಜಿನವರ ಹತ್ತಿರ ತೋರಿಸಿದೆ. ಅವರು ಮೆಷಿನ್ ಗಿಷಿನ್ ಏನೂ ಹಾಕಲಿಲ್ಲ. ಜಾಕ್ ಕೊಟ್ಟು ಚಕ್ರ ಎತ್ತಿ, ಎಡಬಲ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಅಂತು. “ಟೈ ರಾಡ್ ಎಂಡಲ್ಲಿ ಆಟ ಉಂಟು, ತಮ್ಮಾ. ಇದು ಹೋಗಿದ್ರೆ ಅಲೈನ್‌ಮೆಂಟ್ ಮಾಡಿದ್ರೂ ನಿಲ್ಲೂದಿಲ್ಲ.” ಸ್ಟೇರಿಂಗಿನಿಂದ ಚಕ್ರ ತಿರುಗಿಸುವ ರಾಡಿನ ತುದಿಯ ಕೀಲು ಅದು. ನೋಡುವುದು ಅರ್ಧ ನಿಮಿಷದ ಕೆಲಸ. ಮೂರು ಸರ್ವಿಸಿನಲ್ಲಿ ಒಬ್ಬನಿಗೂ ಆ ಅರ್ಧ ನಿಮಿಷ ಸಿಗಲಿಲ್ಲ.

ಈಗ ಕೇಳಿ ತಮಾಷೆ. ಇದನ್ನು ಹೇಳಿದ ಕೂಡಲೇ ಶೋರೂಮಿನವರು ರಾಡ್ ಎಂಡ್ ಬದಲಾಯಿಸಿ ಕೊಟ್ಟರು. ವಾರಂಟಿಯಲ್ಲಿ. ಪುಕ್ಕಟೆ. ಅಂದರೆ ಭಾಗ ಹಾಳಾಗಿತ್ತು ಅಂತ ಒಪ್ಪಿಕೊಂಡ ಹಾಗಾಯಿತಲ್ಲ? ಹಾಗಾದರೆ ಅದು ತಿಂದುಹಾಕಿದ ಟೈರಿನ ದುಡ್ಡು ಕೊಡಿ ಅಂದೆ. “ಇಲ್ಲ ಸರ್, ಆ ಭಾಗದಿಂದ ಬೇರೆ ಏನಾದ್ರೂ ಹಾಳಾದ್ರೆ ಅದು ಪಾಲಿಸಿಯಲ್ಲಿ ಬರಲ್ಲ.” ಹಟ್ಟಿಯಿಂದ ಹಗ್ಗ ಬಿಚ್ಚಿ ಬಿಟ್ಟದ್ದು ನಾವೇ, ದನ ನಮ್ಮದೇ, ಆದರೆ ಅದು ಮೇಯ್ದ ಗದ್ದೆ ನಿಮ್ಮದು, ಅದಕ್ಕೂ ನಮಗೂ ಸಂಬಂಧ ಇಲ್ಲ. ಇಷ್ಟನ್ನೂ ನಗುನಗುತ್ತಾ ಹೇಳುತ್ತಾರೆ.

ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದು ಸೀಲ್ ಹಾಕಿ ಕೊಡಿ ಅಂದೆ. ಅಲ್ಲಿಗೆ ನಗು ನಿಂತಿತು. ಮ್ಯಾನೇಜರ್ ಮೀಟಿಂಗಲ್ಲಿದ್ದಾರೆ, ಸೋಮವಾರ ಬನ್ನಿ. ಎರಡು ಸೋಮವಾರ ಆಯಿತು. ಒಂದು ಸೋಮವಾರ ಅಂದರೆ ನನಗೆ ಒಂದು ಬಾಡಿಗೆ ಹೋದ ಹಾಗೆ.

ಅಲ್ಲಿದ್ದ ಇನ್ನೊಬ್ಬ ಹುಡುಗ ಕಾನೂನು ಬೇರೆ ಹೇಳಿಕೊಟ್ಟ. “ಕಮರ್ಷಿಯಲ್ ಗಾಡಿ ಸರ್, ಗ್ರಾಹಕರ ಕೋರ್ಟಲ್ಲಿ ನಡೆಯಲ್ಲ.” ಸುಳ್ಳು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲೇ ಇದೆ, ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಅಂತ ಕೊಂಡು ತಾನೇ ಬಳಸುವವನು ಗ್ರಾಹಕನೇ. ದೂರು ಕೊಡಲು ಎರಡು ವರ್ಷ ಸಮಯವೂ ಇದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅದರಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಕಾರವಾರದಲ್ಲಿದೆ, ಹೋಗುತ್ತೇನೆ. 13,600ಕ್ಕೆ ಇಷ್ಟೆಲ್ಲ ಬೇಕಾ ಅಂತ ಭಾವ ಕೇಳಿದರು. ಡೀಸೆಲ್ ಖರ್ಚೇ ಅಷ್ಟಾಗಬಹುದು, ಗೊತ್ತು. ಆದರೂ ಆ ಕೆಂಪು ಅಂಕಿ ಕಣ್ಣೆದುರಿಂದ ಹೋಗುತ್ತಿಲ್ಲ.

ಹೆಂಡತಿಗೆ ಅಂಗಳದ ಟೈರಿನದೇ ಚಿಂತೆ. ಮಳೆ ನೀರು ನಿಂತು ಸೊಳ್ಳೆ ಆಗುತ್ತದೆ, ಗುಜರಿಯವನಿಗೆ ಕೊಟ್ಟುಬಿಡಿ ಅನ್ನುತ್ತಾಳೆ. ಹೋದ ವಾರ ಗುಜರಿಯವನು ಬಂದು ಜೋಡಿಗೆ 300 ಕೊಡುತ್ತೇನೆ ಅಂದ. ಕೊಡಲಿಲ್ಲ. ಇವತ್ತು ಎರಡನ್ನೂ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದೆ, ಬೋಳು ಬದಿ ಮೇಲೆ ಕಾಣುವ ಹಾಗೆ.