ಕೈ ಬದಲಾಗುತ್ತಾ ಬರಿದಾದ ಪತ್ರಿಕಾ ಸಂಸ್ಥೆ

ಸೋಮವಾರಪೇಟೆಯ ನಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ 'ಪಿಸಿ ಮ್ಯಾಗಜೀನ್' ಎಂಬ ಅಮೆರಿಕದ ಕಂಪ್ಯೂಟರ್ ಪತ್ರಿಕೆಯ ಹದಿನೇಳು ಹಳೆಯ ಸಂಚಿಕೆಗಳಿವೆ. 1990ರ ದಶಕದ ಕೊನೆಯಲ್ಲಿ ಇಲ್ಲಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಿದ್ದಾಗ, ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೆಪುಸ್ತಕದವರಲ್ಲಿ ಹುಡುಕಿ ತಂದವು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಆ ನುಣುಪು ಕಾಗದ ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಬರುತ್ತಿತ್ತು. ಅಮ್ಮ ಅವನ್ನು ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಮೆಣಸಿನ ಮೊರದ ಪಕ್ಕದಲ್ಲಿಟ್ಟು ಒಣಗಿಸುತ್ತಿದ್ದರು. ಇಂದಿಗೂ ಪುಟ ತೆರೆದರೆ ಹೊಗೆಯ ವಾಸನೆ ಬರುತ್ತದೆ.

ಆ ಪತ್ರಿಕೆಯ ಮೇಲೆ ನನಗಿದ್ದ ನಂಬಿಕೆಗೆ ಕಾರಣ ಅದರ ಕೋಷ್ಟಕಗಳು. ಹತ್ತಾರು ಪ್ರಿಂಟರುಗಳನ್ನು ಸ್ವಂತ ಪ್ರಯೋಗಾಲಯದಲ್ಲಿ ಒಂದೇ ಅಳತೆಗೋಲಿನಿಂದ ಪರೀಕ್ಷಿಸಿ, ನಿಮಿಷಕ್ಕೆ ಎಷ್ಟು ಪುಟ ಬರುತ್ತದೆ, ಅಕ್ಷರದ ಅಂಚು ಎಷ್ಟು ಚೊಕ್ಕವಾಗಿದೆ ಎಂದು ಸಾಲುಸಾಲಾಗಿ ಬರೆದು, ಕೊನೆಗೆ ಒಂದೆರಡಕ್ಕೆ ಮಾತ್ರ 'ಸಂಪಾದಕರ ಆಯ್ಕೆ' ಎಂಬ ಮುದ್ರೆ ಒತ್ತುತ್ತಿದ್ದರು. ನಮ್ಮ ಕೇಂದ್ರಕ್ಕೆ ಮೊದಲ ಪ್ರಿಂಟರ್ ಕೊಳ್ಳುವಾಗ ಅಂಗಡಿಯವರ ಮಾತಿಗಿಂತ ಎರಡು ವರ್ಷ ಹಳೆಯದಾದ ಆ ಕೋಷ್ಟಕವನ್ನೇ ನಾನು ನಂಬಿದ್ದೆ.

ಈ ಪತ್ರಿಕೆಯ ಹಿಂದಿದ್ದ ಝಿಫ್ ಡೇವಿಸ್ ಸಂಸ್ಥೆ 1927ರಲ್ಲಿ ಶಿಕಾಗೋದಲ್ಲಿ ವಿಮಾನಯಾನದ ಪತ್ರಿಕೆಯೊಂದಿಗೆ ಆರಂಭವಾಯಿತು. ಕ್ಯಾಮೆರಾ, ಕಾರು, ರೇಡಿಯೋ ಹೀಗೆ ಹವ್ಯಾಸಕ್ಕೊಂದು ಪತ್ರಿಕೆ ನಡೆಸುವುದು ಅದರ ಕಸುಬು. ಅದರ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಕಂಪ್ಯೂಟರನ್ನು ನೋಡಿಯೇ ಪಾಲ್ ಅಲೆನ್ ಮತ್ತು ಬಿಲ್ ಗೇಟ್ಸ್ ಮೈಕ್ರೋಸಾಫ್ಟ್ ಕಟ್ಟಲು ಹೊರಟರು. 1982ರಲ್ಲಿ, ಆರಂಭವಾಗಿ ವರ್ಷವೂ ತುಂಬದ ಪಿಸಿ ಮ್ಯಾಗಜೀನನ್ನು ಸಂಸ್ಥೆಯ ಒಡೆಯ ಬಿಲ್ ಝಿಫ್ ಕೊಂಡರು. ಎರಡು ವರ್ಷಗಳ ನಂತರ, ಕ್ಯಾನ್ಸರ್ ಪೀಡಿತರಾಗಿದ್ದ ಅವರು ಹವ್ಯಾಸದ ಪತ್ರಿಕೆಗಳನ್ನು ಸಿಬಿಎಸ್‌ಗೆ, ಉದ್ಯಮ ಪತ್ರಿಕೆಗಳನ್ನು ರೂಪರ್ಟ್ ಮರ್ಡಾಕ್ ಅವರಿಗೆ ಒಟ್ಟು ಸುಮಾರು 71 ಕೋಟಿ ಡಾಲರಿಗೆ ಮಾರಿ, ಕಂಪ್ಯೂಟರ್ ಪತ್ರಿಕೆಗಳನ್ನು ಮಾತ್ರ ಉಳಿಸಿಕೊಂಡರು. ಗುಣವಾಗಿ ಮರಳಿದ ಮೇಲೆ ಅಷ್ಟರಿಂದಲೇ ಮೊದಲಿಗಿಂತ ದೊಡ್ಡ ಸಂಸ್ಥೆಯನ್ನು ಕಟ್ಟಿದರು.

ವೆಬ್ ಬಂದು ಪತ್ರಿಕೆಗಳನ್ನು ಮುಗಿಸಿತು ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಝಿಫ್ ಡೇವಿಸ್ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಮಕ್ಕಳಿಗೆ ಆಸಕ್ತಿಯಿಲ್ಲವೆಂದು ಬಿಲ್ ಝಿಫ್ 1994ರಲ್ಲಿ ಸಂಸ್ಥೆಯನ್ನು ಫೋರ್ಸ್ಟ್‌ಮನ್ ಲಿಟಲ್ ಎಂಬ ಹೂಡಿಕೆದಾರರಿಗೆ 140 ಕೋಟಿ ಡಾಲರಿಗೆ ಮಾರಿದರು. ಮರುವರ್ಷವೇ ಜಪಾನಿನ ಸಾಫ್ಟ್‌ಬ್ಯಾಂಕ್ ಅದನ್ನು 210 ಕೋಟಿಗೆ ಕೊಂಡಿತು. ಒಂದೇ ವರ್ಷದಲ್ಲಿ ಏರಿದ ಆ 70 ಕೋಟಿಗೆ ತಕ್ಕಂತೆ ಓದುಗರೇನೂ ಹೆಚ್ಚಿರಲಿಲ್ಲ. ಸಂಸ್ಥೆಯನ್ನು ಬರಿದು ಮಾಡಿದ್ದು ವೆಬ್ ಅಲ್ಲ, ಹೀಗೆ ಕೈ ಬದಲಾಗುವಾಗ ಅದರ ತಲೆಯ ಮೇಲೆ ಬಿದ್ದ ಸಾಲ ಎಂಬುದು ನನ್ನ ಅನಿಸಿಕೆ.

ಕೊಡಗಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹೊರಗಿನವರೊಬ್ಬರು ಬಂದು, ಕೊಳ್ಳುವ ತೋಟವನ್ನೇ ಅಡವಿಟ್ಟು ಸಾಲ ಎತ್ತಿ ಕೊಳ್ಳುತ್ತಾರೆ. ಕಂತು ಕಟ್ಟಲು ಮೊದಲು ಸಿಲ್ವರ್ ಮರಗಳನ್ನು ಉರುಳಿಸುತ್ತಾರೆ. ನೆರಳು ಹೋದ ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಹುಳು ಬೀಳುತ್ತದೆ, ಫಸಲು ಇಳಿಯುತ್ತದೆ, ತೋಟ ಮತ್ತೆ ಮಾರಾಟಕ್ಕೆ ಬರುತ್ತದೆ. ಗಿಡ ನೆಟ್ಟವರ ಬೆವರಿಗೂ ಆ ಸಾಲಕ್ಕೂ ಸಂಬಂಧವಿರುವುದಿಲ್ಲ, ಆದರೆ ಅದನ್ನು ತೀರಿಸಬೇಕಾದದ್ದು ಆ ಗಿಡಗಳೇ.

ಝಿಫ್ ಡೇವಿಸ್‌ಗೆ ನೆರಳಾಗಬಹುದಾಗಿದ್ದದ್ದು ಜಿಡಿನೆಟ್ ಎಂಬ ಅದರದೇ ಜಾಲತಾಣ. ವೆಬ್‌ನ ಮಹತ್ವವನ್ನು ಆ ಸಂಸ್ಥೆ ತಡವಾಗಿ ಅರಿಯಿತು ಎನ್ನುವಂತಿಲ್ಲ. ಆದರೂ 2000ನೇ ಇಸವಿಯಲ್ಲಿ ಮುದ್ರಣ ಪತ್ರಿಕೆಗಳನ್ನು ವಿಲ್ಲಿಸ್ ಸ್ಟೈನ್ ಎಂಬ ಹೂಡಿಕೆ ಸಂಸ್ಥೆಗೆ 78 ಕೋಟಿ ಡಾಲರಿಗೂ, ಜಿಡಿನೆಟ್ಟನ್ನು ಪ್ರತಿಸ್ಪರ್ಧಿ ಸಿನೆಟ್‌ಗೆ ಸುಮಾರು 160 ಕೋಟಿಗೂ ಮಾರಲಾಯಿತು. ಜಾಹೀರಾತು ಕಾಗದ ಬಿಟ್ಟು ವೆಬ್‌ಗೆ ಹೊರಟ ದಶಕದ ಹೊಸ್ತಿಲಲ್ಲೇ ಪತ್ರಿಕೆಗಳಿಂದ ಅವುಗಳ ಜಾಲತಾಣವನ್ನು ಕಿತ್ತು ಬೇರೆಯವರಿಗೆ ಕೊಟ್ಟ ಆ ನಿರ್ಧಾರವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮುಂದೆ ಒಂದೊಂದೇ ಪತ್ರಿಕೆ ನಿಂತಿತು. 2008ರ ಮಾರ್ಚ್‌ನಲ್ಲಿ ಸಂಸ್ಥೆ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋಯಿತು. 2009ರ ಜನವರಿ ಸಂಚಿಕೆಯೊಂದಿಗೆ ಪಿಸಿ ಮ್ಯಾಗಜೀನ್ ಕಾಗದದ ಮೇಲೆ ಬರುವುದು ನಿಂತು, ಜಾಲತಾಣವಾಗಿ ಮಾತ್ರ ಉಳಿಯಿತು.

ಝಿಫ್ ಡೇವಿಸ್ ಹೆಸರು ಈಗಲೂ ಇದೆ. 2012ರಲ್ಲಿ ಜೆ2 ಗ್ಲೋಬಲ್ ಎಂಬ ಅಂತರ್ಜಾಲ ಸೇವೆಗಳ ಕಂಪನಿ ಅದನ್ನು ಸುಮಾರು 16.7 ಕೋಟಿ ಡಾಲರಿಗೆ ಕೊಂಡು, ಮುಂದೆ ಆ ಹೆಸರನ್ನೇ ತಾನು ಇಟ್ಟುಕೊಂಡಿತು. 2024ರಲ್ಲಿ ಅದು ಜಿಡಿನೆಟ್ ಸಮೇತ ಸಿನೆಟ್ಟನ್ನು ಕೊಂಡಾಗ ವರದಿಯಾದ ಬೆಲೆ ಹತ್ತು ಕೋಟಿ ಡಾಲರಿಗಿಂತ ತುಸು ಹೆಚ್ಚು. ಆ ಸುದ್ದಿ ಓದಿದ ದಿನ ಟ್ರಂಕನ್ನು ಕೆಳಗಿಳಿಸಿ ಪ್ರಿಂಟರುಗಳ ಆ ಕೋಷ್ಟಕವನ್ನು ಮತ್ತೊಮ್ಮೆ ನೋಡಿದೆ. ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಹಾಕಿದ್ದ ಗೆರೆ ಅಳಿಸಿರಲಿಲ್ಲ.

ಕುಶಾಲನಗರ, ಮಡಿಕೇರಿ, ಶನಿವಾರಸಂತೆಯ ಕಡೆ ಯಾರ ಮನೆಯಲ್ಲಾದರೂ ಆ ಕಾಲದ ಕಂಪ್ಯೂಟರ್ ಪತ್ರಿಕೆಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ತಿಳಿಸಿದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಬೂಷ್ಟು ಹಿಡಿದಿದ್ದರೂ ಅಡ್ಡಿಯಿಲ್ಲ.