ತಟ್ಟೆಗೆ ಸೊಪ್ಪು ಅಂತೀರಿ, ಹೊಲಕ್ಕೆ?

ಸೆಪ್ಟೆಂಬರ್ ಬಂತಲ್ಲ, ಪೋಷಣ್ ಮಾಸಾಚರಣೆ, ಅಂದರೆ ಪೌಷ್ಟಿಕ ಊಟದ ಬಗ್ಗೆ ಸರ್ಕಾರ ಹೇಳಿಕೊಡುವ ತಿಂಗಳು. ನಮ್ಮ ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಕಾರ್ಯಕ್ರಮ ಮುಗಿಸಿಕೊಂಡು ಈಗಷ್ಟೇ ಬಂದೆ. ತಲೆ ಇನ್ನೂ ಬಿಸಿಯಾಗಿದೆ. ಕ್ಯಾರೆಟ್, ಬೀಟ್‌ರೂಟ್, ಪಾಲಕ್‌ ಇಟ್ಟು ರಂಗೋಲಿ ಬಿಡಿಸಿದ್ದರು. ಅಷ್ಟೂ ಬೆಳಿಗ್ಗೆ ಪೇಟೆಯಿಂದ ಆಟೋದಲ್ಲಿ ಬಂದಿದ್ದು. ಕಾಂಪೌಂಡ್ ದಾಟಿದರೆ ಕಣ್ಣು ಹಾಯುವವರೆಗೂ ಬರೀ ಮುಸುಕಿನ ಜೋಳ. ಮೈಕಿನಲ್ಲಿ "ದಿನಾ ಸೊಪ್ಪು, ಕಾಳು ತಿನ್ನಿ" ಅಂತ ಭಾಷಣ. ಪಕ್ಕದಲ್ಲಿದ್ದ ಅಜ್ಜಿ ನನ್ನ ಕಿವಿಗೆ ಬಗ್ಗಿ, "ಬದಿನ ಮ್ಯಾಲೂ ಔಷ್ದಿ ಹೊಡ್ದವ್ರೆ ಕಣವ್ವ, ಸೊಪ್ಪು ಎಲ್ಲಿಂದ ಕೀಳಾನ?" ಅಂದರು.

ಮೈಕು ಅವರ ಕೈಗೆ ಕೊಡಬೇಕಿತ್ತು.

ಮೊದಲು ರಾಗಿ ಹೊಲದಲ್ಲಿ ಅಕ್ಕಡಿ ಸಾಲು, ಅಂದರೆ ನಡುನಡುವೆ ಬೇರೆ ಬೆಳೆಯ ಸಾಲು, ಇರುತ್ತಿತ್ತು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಹರಳು. ಕಳೆ ಕೀಳಲು ಹೋದವರ ಮಡಿಲಿನಲ್ಲಿ ಅಣ್ಣೆಸೊಪ್ಪು, ಸಂಜೆಗೆ ಬಸ್ಸಾರು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಆದರೆ ಲೈಸಿನ್ ಅನ್ನುವ ಪ್ರೋಟೀನ್ ಅಂಶ ಕಡಿಮೆ. ಆ ಕೊರತೆ ತುಂಬುವುದು ಕಾಳು. ಮುದ್ದೆ ಜೊತೆ ಅವರೆಕಾಳು ಸಾರು ಸುಮ್ನೆ ಬಂದಿದ್ದಲ್ಲ. ಈಗ ಜೋಳಕ್ಕೆ ಅಟ್ರಾಜಿನ್ ಅನ್ನುವ ಕಳೆ ಔಷಧಿ ಹೊಡೆಯುತ್ತಾರೆ. ಅಗಲ ಎಲೆಯದ್ದೆಲ್ಲ ಸುಟ್ಟುಹೋಗುತ್ತದೆ. ಅಣ್ಣೆಸೊಪ್ಪೂ ಇಲ್ಲ, ನಡುವೆ ಅಲಸಂದೆ ಹಾಕುವಂತೆಯೂ ಇಲ್ಲ. ಆ ಜೋಳವಾದರೂ ಮಕ್ಕಳ ತಟ್ಟೆಗೆ ಬರುತ್ತದಾ? ಲಾರಿ ಹತ್ತಿ ಕೋಳಿ ಫಾರಂಗೆ ಹೋಗುತ್ತದೆ. ಕೋಳಿಗಳ ಪೋಷಣೆ ಚೆನ್ನಾಗಿಯೇ ನಡೆದಿದೆ ಬಿಡಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅದಕ್ಕೆಲ್ಲ ಜೋಳವೇ ಕಾರಣ ಅನ್ನುವಷ್ಟು ದಡ್ಡಿಯಲ್ಲ ನಾನು. ಆದರೆ ಬೆಳೆ ಹೇಳುವವರು ಒಂದು ಕಚೇರಿ, ಊಟ ಹೇಳುವವರು ಇನ್ನೊಂದು ಕಚೇರಿ. ಇಬ್ಬರಿಗೂ ಮಾತುಕತೆಯೇ ಇಲ್ಲವೇನೋ!

"ದುಡ್ಡು ಬಂದರೆ ಬೇಳೆ ಕೊಂಡು ತಿನ್ನಬಹುದಲ್ವಾ?" ಅನ್ನುವವರು ಈಗ ಬರುತ್ತೀರಿ, ಗೊತ್ತು. ಜೋಳದ ದುಡ್ಡು ಬರುವುದು ವರ್ಷಕ್ಕೊಂದು ಸಲ, ಅದೂ ಗಂಡಸರ ಜೇಬಿಗೆ. ಗೊಬ್ಬರದಂಗಡಿ ಸಾಲ ತೀರಿಸಿದ ಮೇಲೆ ಉಳಿದಿದ್ದರಲ್ಲಿ ಎಷ್ಟು ತೊಗರಿಬೇಳೆ ಬಂದೀತು? ಅಕ್ಕಡಿಯ ಅಲಸಂದೆಯನ್ನು ಹೆಂಗಸರೇ ಬಿಡಿಸಿಕೊಂಡು ಬರುತ್ತಿದ್ದರು, ಯಾರ ಹತ್ತಿರವೂ ಕೈಚಾಚಬೇಕಿರಲಿಲ್ಲ.

ನಮ್ಮಪ್ಪನದೂ ಈ ಸಲ ಪೂರ್ತಿ ಜೋಳವೇ. ಅವರ ಮುಂದೆ ಇಷ್ಟು ದನಿ ಏರಿಸುವ ಧೈರ್ಯ ನನಗಿಲ್ಲ, ಅದಕ್ಕೇ ಇಲ್ಲಿ ಕೂಗಾಡುತ್ತಿದ್ದೇನೆ. ಮುಂದಿನ ಮುಂಗಾರಿಗೆ ಅರ್ಧ ಎಕರೆಯಾದರೂ ರಾಗಿ ಬಿತ್ತಿ ನಡುವೆ ಅಕ್ಕಡಿ ಬಿಡಿ ಅಂತ ಅಮ್ಮನ ಕೈಲಿ ಹೇಳಿಸಬೇಕು. ನಮ್ಮ ಮನೆಯಲ್ಲಿ ಅವರೆ ಬೀಜವೂ ಉಳಿದಿಲ್ಲ. ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಸೊಗಡಿನ ಅವರೆಯೇ ಬೇಕು, ಹೈಬ್ರಿಡ್ ಬೇಡ.