ಗಲ್ಫಿಗೆ ಹೊರಟವರ ಬ್ಯಾಗಿನಲ್ಲಿ ಸ್ವೆಟರ್ ಯಾಕಿಲ್ಲ?

ಪಕ್ಕದ ಮನೆಯ ಹುಡುಗನಿಗೆ ಕುವೈತ್ ವೀಸಾ ಬಂದಿದೆ. ಮುಂದಿನ ವಾರ ಹೊರಡುತ್ತಾನೆ. ಮೊನ್ನೆ ಅವರಲ್ಲಿಗೆ ಹೋದರೆ ಜಗಲಿ ತುಂಬ ಸಾಮಾನು: ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ, ಕುಚ್ಚಿಲಕ್ಕಿ. ಬಟ್ಟೆ ನೋಡಿದರೆ ಎಲ್ಲವೂ ತೆಳ್ಳಗಿನ ಅಂಗಿ. "ಡಿಸೆಂಬರಿಗೆ ಹೋಗುವುದಲ್ವಾ, ಸ್ವೆಟರ್ ಎಲ್ಲಿ?" ಅಂದೆ. ಅವನ ಅಮ್ಮ ನಕ್ಕರು. "ಮರುಭೂಮಿಗೆ ಎಂತಕ್ಕೆ ಸ್ವೆಟರ್?"

11 ವರ್ಷದ ಹಿಂದೆ ನಾನು ಕುವೈತಿಗೆ ಹೊರಟಾಗ ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯಲ್ಲೂ ಇದೇ ನಗು.

2016ರ ಜುಲೈಯಲ್ಲಿ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಕೆ ದಾಖಲಾಯಿತಲ್ಲ, ಅದು ಊರಿನವರಿಗೆಲ್ಲ ಬಾಯಿಪಾಠ. ಅದೇ ದೇಶದಲ್ಲಿ ಜನವರಿಯ ರಾತ್ರಿ ಏಳೆಂಟು ಡಿಗ್ರಿಗೆ ಇಳಿಯುವುದನ್ನು ಯಾರೂ ನಂಬುವುದಿಲ್ಲ. ನಮ್ಮಲ್ಲಿ ಧನು ತಿಂಗಳಲ್ಲಿ 20ಕ್ಕೆ ಬಂದರೆ ತಲೆಗೆ ಬೈರಾಸು ಸುತ್ತುತ್ತೇವೆ. ಕಡಲಿನ ತೇವ ಅದಕ್ಕಿಂತ ತೀರಾ ಕೆಳಗೆ ಹೋಗಲು ಬಿಡುವುದಿಲ್ಲ. ಅಲ್ಲಿ ಒಣಗಾಳಿ, ಮೋಡವಿಲ್ಲದ ಆಕಾಶ. ಹೊತ್ತು ಮುಳುಗಿದರೆ ಮರಳಿನ ಕಾವೆಲ್ಲ ಹಾರಿಹೋಗುತ್ತದೆ. ಅದರ ಮೇಲೆ ವಾಯವ್ಯದಿಂದ ಶಮಾಲ್ ಗಾಳಿ. ಅರಬರು ಡಿಸೆಂಬರಿನಿಂದ 40 ದಿನದ ಚಳಿಗೆ ಮುರಬ್ಬಾನಿಯಾ ಎಂದು ಹೆಸರಿಟ್ಟು ಲೆಕ್ಕ ಹಾಕುತ್ತಾರೆ, ನಾವು ಮಳೆಗಾಲದ ಆಟಿ ತಿಂಗಳು ಎಣಿಸಿದ ಹಾಗೆ.

ನಾನು ಇಳಿದದ್ದು ಜನವರಿಯಲ್ಲಿ. ಆರು ಜನರ ಕೋಣೆ, ಟೈಲ್ಸಿನ ನೆಲ, ಕಿಟಕಿಯ ಸಂದಿಯಲ್ಲಿ ಗಾಳಿ. ಕಟ್ಟಡ ಕಟ್ಟಿದವರು ಸೆಕೆಗೆ ಮಾತ್ರ ಹೆದರಿದವರು. ನೀರಿನದ್ದು ಬೇರೆಯೇ ಕಥೆ. ತಾರಸಿಯ ಟ್ಯಾಂಕಿನ ನೀರು ಬೇಸಿಗೆಯಲ್ಲಿ ಕೈ ಸುಡುತ್ತದೆ. ಆಗ ಗೀಸರ್ ಆಫ್ ಮಾಡಿ ಅದರೊಳಗೆ ತಣಿದ ನೀರಲ್ಲಿ ಮೀಯುತ್ತೇವೆ. ಜನವರಿಯಲ್ಲಿ ಅದೇ ಟ್ಯಾಂಕಿನ ನೀರಿಗೆ ಕೈಬೆರಳು ಮರಗಟ್ಟುತ್ತದೆ, ಗೀಸರಿನ ಬಿಸಿನೀರು ಮೂರನೆಯವನಿಗೇ ಮುಗಿಯುತ್ತದೆ. ಊರಲ್ಲಿ ಒಲೆಗೆ ತೆಂಗಿನ ಮಡಲು, ಕೊತ್ತಳಿಗೆ ತುರುಕಿ ಹಂಡೆ ಕಾಯಿಸಿ ಮಿಂದವನಿಗೆ ಅಳುವೇ ಬಂತು, ಸುಳ್ಳು ಯಾಕೆ. ಊರಿನ ತೆಂಗಿನೆಣ್ಣೆ ಬಾಟಲಿಯೊಳಗೆ ಮೇಣವಾಗಿತ್ತು. ಒಡೆದ ಹಿಮ್ಮಡಿಗೆ ಚಮಚದಲ್ಲಿ ಕೆರೆದು ಹಚ್ಚುತ್ತಿದ್ದೆ. ಸಂಬಳ ಬಂದ ಮೇಲೆ ಫ್ರೈಡೇ ಮಾರ್ಕೆಟಿನಲ್ಲಿ ಯಾರೋ ಹಾಕಿ ಬಿಟ್ಟ ಜಾಕೆಟ್ ತೆಗೆದುಕೊಂಡೆ.

ಒಂದು ರಾತ್ರಿ ಜೊತೆಯವನೊಬ್ಬ ಪೈಂಟ್ ಡಬ್ಬಿಯಲ್ಲಿ ಇದ್ದಿಲಿನ ಕೆಂಡ ತಂದಿಟ್ಟ. ಆಹಾ, ಎಂಥ ಸುಖ! ಬೆಳಗ್ಗೆ ಎಲ್ಲರಿಗೂ ತಲೆಸಿಡಿತ, ಇಬ್ಬರಿಗೆ ವಾಂತಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ನಾವು ದಿನಾ ಬೈಯುತ್ತಿದ್ದ ಆ ಕಿಟಕಿಯ ಸಂದಿಯೇ ನಮ್ಮನ್ನು ಉಳಿಸಿದ್ದು.

ನನಗೆ ಸಿಟ್ಟು ಬರುವುದು ರಜೆಯಲ್ಲಿ ಊರಿಗೆ ಬರುವ ನಮ್ಮವರ ಮೇಲೆ, ನನ್ನನ್ನೂ ಸೇರಿಸಿ. ಬಿಸಿಲಿನ ಕಥೆ ಹೇಳಿದರೆ ಕಷ್ಟಪಟ್ಟವ ಅಂತ ಮರ್ಯಾದೆ. ಚಳಿಗೆ ನಡುಗಿದೆ ಅಂದರೆ ಕುಂಬಳೆ ಪೇಟೆಯಲ್ಲಿ ನಗುತ್ತಾರೆ. ಹಾಗಾಗಿ ಬಾಯಿ ಮುಚ್ಚಿಕೊಂಡು ಅತ್ತರು ಹಂಚುತ್ತೇವೆ. ಅತ್ತರಿನ ಜೊತೆ ಹುಲಿ ಚಿತ್ರದ ದಪ್ಪ ಬ್ಲಾಂಕೆಟ್ಟೂ ತರುತ್ತೇವಲ್ಲ, ಗಲ್ಫಿನವರಿರುವ ಎಷ್ಟೋ ಮನೆಗಳ ಕಪಾಟಿನಲ್ಲಿ ಇದೆ. ಸೆಕೆಯ ದೇಶದ ಅಂಗಡಿಯಲ್ಲಿ ಇದನ್ನು ಯಾಕಪ್ಪ ಮಾರುತ್ತಾರೆ ಅಂತ ಇವತ್ತಿನವರೆಗೆ ನನ್ನನ್ನು ಒಬ್ಬರೂ ಕೇಳಿಲ್ಲ.

ನಿನ್ನೆ ಹೋಗಿ ಆ ಹುಡುಗನಿಗೆ ನನ್ನ ಹಳೆಯ ಜಾಕೆಟ್ ಕೊಟ್ಟೆ. ಸಂಜೆ ತೂಗುವಾಗ ಬ್ಯಾಗು ಒಂದೂವರೆ ಕಿಲೊ ಜಾಸ್ತಿ ಬಂತಂತೆ. ಜಾಕೆಟ್ ಹೊರಗೆ ಬಂತು, ಹಪ್ಪಳ ಒಳಗೇ ಉಳಿಯಿತು. ಇರಲಿ, ಮೈಮೇಲೆ ಹಾಕಿದ್ದನ್ನು ಯಾರೂ ತೂಗುವುದಿಲ್ಲ. ಹೊರಡುವ ದಿನ ನಾನೇ ಹಾಕಿಸಿ ಕಳಿಸುತ್ತೇನೆ, ಮಂಗಳೂರಿನವರೆಗೆ ಬೆವರಿದರೆ ಬೆವರಲಿ.